ವರ್ಷಿಣಿ ಆಡಿಸಿದ ದಂಗೆ

ಮಂಡಕಳ್ಳಿಯ ವರ್ಷಿಣಿ ಸ್ಪ್ಯಾನಿಷ್ ಕಲಿತದ್ದು ಕೆಲಸಕ್ಕಾಗಿ. ಕಲಿಯುತ್ತ ಹೋದಂತೆ, ಆ ಭಾಷೆ ಯಾರ ನೆತ್ತರಿನ ಮೇಲೆ ಹಬ್ಬಿತೆಂಬುದೂ ತಿಳಿಯಿತು. ಭಾಷೆಯ ಮೇಲಿನ ಪ್ರೀತಿ ಕಮ್ಮಿಯಾಗಲಿಲ್ಲ. ಆದರೆ ಆ ಕಥೆಗೆ ಯಾರಾದರೂ ಬೆಲ್ಲ ಸವರಿ ಹೇಳಿದರೆ ಅವಳ ಮೈಯೆಲ್ಲ ಉರಿಯುತ್ತಿತ್ತು.

ಕೃಷ್ಣಮೂರ್ತಿಪುರಂನ ಒಂದು ಭಾಷಾ ಶಾಲೆಯಲ್ಲಿ ಅವಳು ಪಾಠ ಹೇಳುತ್ತಿದ್ದಳು. ಶಾಲೆ ನಡೆಸುವ ವಾಗೀಶರು ವಾರ್ಷಿಕೋತ್ಸವಕ್ಕೆ ತಾವೇ ಒಂದು ನಾಟಕ ಬರೆದು ತಂದರು. ಸ್ಪೇನಿನ ಸೈನಿಕರು ಅಮೆರಿಕದ ದಡದಲ್ಲಿ ಹಡಗಿನಿಂದ ಇಳಿಯುತ್ತಾರೆ. ತಲೆಗೆ ಗರಿ ಸಿಕ್ಕಿಸಿಕೊಂಡ ಮೂಲನಿವಾಸಿಗಳು ಕುಣಿಯುತ್ತ ಬಂದು ಅವರ ಕಾಲಿಗೆ ಬಿದ್ದು, ನಮಗೆ ನಾಗರಿಕತೆ ಕಲಿಸಿ ಎಂದು ಬೇಡುತ್ತಾರೆ.

ಹೊಲ, ದೇವರು, ಹೆಸರು ಎಲ್ಲ ಕಿತ್ತುಕೊಂಡವರ ಕಾಲಿಗೆ, ಕಳಕೊಂಡವರನ್ನೇ ಬೀಳಿಸುವುದು ಯಾವ ನ್ಯಾಯ ಎಂದು ವರ್ಷಿಣಿ ಕೇಳಿದಳು. ಅದೆಲ್ಲ ಹಳೆಯ ಕಥೆ, ನೋಡುವವರಿಗೆ ಖುಷಿಯಾದರೆ ಸಾಕು ಎಂದರು ವಾಗೀಶರು.

"ಸರ್, ನಮ್ ತಾತಂದಿರು ಬ್ರಿಟಿಷರ ಕಾಲಿಗೆ ಬೀಳೋ ನಾಟಕಾನ ಲಂಡನ್ನಲ್ಲಿ ಯಾರಾದ್ರೂ ಆಡಿದ್ರೆ, ನೀವು ಚಪ್ಪಾಳೆ ತಟ್ತೀರಾ?"

ಅವರು ಮುಖ ಗಂಟಿಕ್ಕಿಕೊಂಡರು. ಈ ನಾಟಕ ಬೇಡವಾದರೆ ವೇದಿಕೆಯೂ ಇಲ್ಲ ಎಂದುಬಿಟ್ಟರು.

ವರ್ಷಿಣಿ ತನ್ನ ವಿದ್ಯಾರ್ಥಿಗಳನ್ನು ಬಡಾವಣೆಯ ಪಾರ್ಕಿಗೆ ಕರೆದೊಯ್ದಳು. ಅಲ್ಲಿ ಅವರು ಆಡಿದ್ದು ೧೬೮೦ರಲ್ಲಿ ಅಮೆರಿಕದ ಮೂಲನಿವಾಸಿಗಳಾದ ಪ್ವೆಬ್ಲೊ ಜನ ಸ್ಪೇನಿನ ಆಳ್ವಿಕೆಯ ವಿರುದ್ಧ ಎದ್ದ ದಂಗೆಯನ್ನು. ಬೇರೆ ಬೇರೆ ಭಾಷೆಯ ಆ ಜನ ಗಂಟು ಹಾಕಿದ ಹಗ್ಗಗಳನ್ನು ಓಟಗಾರರ ಕೈಲಿ ಊರೂರಿಗೆ ಕಳಿಸಿದ್ದರು. ದಿನಕ್ಕೊಂದು ಗಂಟು ಬಿಚ್ಚಬೇಕು, ಗಂಟು ಮುಗಿದ ದಿನ ಏಳಬೇಕು. ಓಟಗಾರರು ಸಿಕ್ಕಿಬಿದ್ದಾಗ ಗೊತ್ತುಮಾಡಿದ ದಿನಕ್ಕೆ ಮೊದಲೇ ಎದ್ದು, ಸ್ಪೇನಿನವರನ್ನು ಅವರ ರಾಜಧಾನಿ ಸಾಂತಾ ಫೆಯಿಂದಲೇ ಓಡಿಸಿದರು.

ಕಲ್ಲುಬೆಂಚಿನ ಮೇಲೆ ಕೂತು ನೋಡುತ್ತಿದ್ದ ತಾಯಿ ವಸಂತಮ್ಮ, ನಾಟಕ ಮುಗಿದ ಮೇಲೆ ಮಗಳನ್ನು ಹತ್ತಿರ ಕರೆದರು.

"ಆಮೇಲೆ ಅವ್ರು ತಿರ್ಗಾ ಬಂದ್ಬುಟ್ರಾ?"

"ಬಂದ್ರು ಕಣವ್ವ, ಹನ್ನೆರಡು ವರ್ಷಕ್ಕೆ. ಆಮೇಲೆ ಆ ನೆಲ ಮೆಕ್ಸಿಕೋದ್ದಾಯ್ತು, ಅದಾದ್ಮೇಲೆ ಅಮೆರಿಕದ್ದಾಯ್ತು. ಗಡಿ ಗೆರೆ ಎಳೆದೋರು ಅಲ್ಲಿದ್ದೋರನ್ನ ಒಂದು ಮಾತೂ ಕೇಳ್ಲಿಲ್ಲ."

"ಇದ್ದೋರ್ನ ಕೇಳ್ದೆ ಎಂಗೆ ತಮ್ದು ಅಂದ್ಕೊಂಡ್ರು?" ಎಂದ ವಸಂತಮ್ಮನ ದನಿಯಲ್ಲಿ ಸಿಟ್ಟಿತ್ತು.

ಮರುವಾರವೇ ವರ್ಷಿಣಿಯ ತರಗತಿಗಳು ಬೇರೊಬ್ಬರ ಪಾಲಾದವು. ಕೆಲವು ವಿದ್ಯಾರ್ಥಿಗಳು ಶಾಲೆಯಲ್ಲೇ ಉಳಿದರು. ಮಿಕ್ಕವರು ಈಗ ಬಸ್ಸು ಹತ್ತಿ ಮಂಡಕಳ್ಳಿಗೆ ಬರುತ್ತಾರೆ, ಅವಳ ಮನೆಯ ಜಗಲಿಯ ಮೇಲೆ ಕೂತು ಕಲಿಯುತ್ತಾರೆ. 'ಗೆದ್ದರು' ಎಂಬ ಕ್ರಿಯಾಪದ ಬಂದರೆ, ಯಾರನ್ನು ಎಂದು ಬರೆಯದ ವಾಕ್ಯವನ್ನು ವರ್ಷಿಣಿ ಒಪ್ಪುವುದಿಲ್ಲ.