ಊರಿನಲ್ಲಿ ಒಂದೇ ಮನೆಯ ರೊಟ್ಟಿ ಸದ್ದು

ಮಂಡ್ಯಕ್ಕೆ ಬಂದಿಳಿದ ಮರುದಿನ ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆದರೆ ಮನೆಯ ಹಿಂದೆ ಹಳ್ಳವೊಂದು ತುಂಬಿ ಹರಿಯುತ್ತಿತ್ತು. ಹಿಂದಿನ ಸಂಜೆ ಅಲ್ಲಿ ಒಣಗಿದ ಕಾಲುವೆ ಇತ್ತು, ಅದರೊಳಗಿಳಿದು ಆಡೊಂದು ಹುಲ್ಲು ಮೇಯುತ್ತಿತ್ತು. ರಾತ್ರಿ ಮಳೆ ಬಂದಿರಲಿಲ್ಲ. ಆಕಾಶದಲ್ಲಿ ಅಂಗೈಯಗಲ ಮೋಡವೂ ಇರಲಿಲ್ಲ. ಗದಗಿನ ಕಡೆ ಹುಟ್ಟಿ ಬೆಳೆದ ನಾನು ಮೋಡವಿಲ್ಲದೆ ಬರುವ ನೀರನ್ನು ಕಂಡವಳಲ್ಲ. ಕಣ್ಣುಜ್ಜಿಕೊಂಡು ನೋಡುತ್ತೇನೆ, ಆ ನೀರಿನ ದಂಡೆಯ ಮೇಲೆ ನನ್ನ ಮಗಳು ನೀಲವ್ವ ಎರಡೂ ಕಾಲು ಇಳಿಬಿಟ್ಟುಕೊಂಡು ಕೂತಿದ್ದಾಳೆ, ಒಬ್ಬಳೇ ಕಿಲಕಿಲ ನಗುತ್ತಿದ್ದಾಳೆ. ನನ್ನ ಜೀವ ಬಾಯಿಗೆ ಬಂತು.

ಅವಳನ್ನು ಕೂಗಿ ಕರೆಯುವಂತಿಲ್ಲ, ಕರೆದರೆ ತಿರುಗುವವಳಲ್ಲ. ಓಡಿಹೋಗಿ ರಟ್ಟೆ ಹಿಡಿದು ಎಳೆದುಕೊಂಡೆ. ನಾನು ಕಿರುಚಿದ್ದಕ್ಕೆ ಮನೆಯೊಡತಿ ಕೆಂಪಮ್ಮ ಪೊರಕೆ ಹಿಡಿದುಕೊಂಡೇ ಬಂದಳು.

"ಇದ್ಯಾಕಿಂಗ್ ಅರಚ್ಕೊಂಡೆ? ನಾಲೆ ನೀರು ಕಣವ್ವ. ರಾತ್ರಿ ಬುಟ್ಟವ್ರೆ. ಇನ್ಮೇಕೆ ಬತ್ತಾನೇ ಇರ್ತದೆ."

ನಾಲೆ ಎಂದರೆ ಕನ್ನಂಬಾಡಿ ಕಟ್ಟೆಯಿಂದ ಹೊಲಗಳಿಗೆ ನೀರು ತರುವ ದೊಡ್ಡ ಕಾಲುವೆ. ಅದರಿಂದ ಕವಲೊಡೆದ ಸಣ್ಣ ಕಾಲುವೆಗಳು ಮನೆಗಳ ಹಿಂದೆ ಮುಂದೆ ಎಲ್ಲ ಹಾಯುತ್ತವೆ. ನಮ್ಮಲ್ಲಿ ನೀರು ಆಳದ ಬಾವಿಯಲ್ಲಿ ಇರುತ್ತದೆ, ನಾವೇ ಅದರ ಬಳಿ ಕೊಡ ಹಿಡಿದು ಹೋಗುತ್ತೇವೆ. ಇಲ್ಲಿ ನೀರೇ ಮನೆಬಾಗಿಲಿಗೆ ಬರುತ್ತದೆ. ಊರಿನವರೆಲ್ಲ ಇದನ್ನು ಭಾಗ್ಯವೆನ್ನುತ್ತಾರೆ, ಇರಬಹುದು. ನಾನು ಮಾತ್ರ ಆ ದಿನದಿಂದ ನಿಶ್ಚಿಂತೆಯಾಗಿ ಕಣ್ಣು ಮುಚ್ಚಿಲ್ಲ.

ನಾವು ಬಂದದ್ದು ಎರಡನೆಯ ಮಹಾಯುದ್ಧ ಶುರುವಾದ ಮೇಲೆ. ನಮ್ಮ ಮನೆಯವರು ಗದಗಿನ ಹತ್ತಿ ಗಿರಣಿಯಲ್ಲಿ ಫಿಟ್ಟರು. ಗಿರಣಿಯಲ್ಲಿ ಕೆಲಸ ಕಡಿಮೆಯಾಯಿತು, ಇಲ್ಲಿನ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಮಂಡ್ಯದ ಅಂಚಿನಲ್ಲಿ, ಕಬ್ಬಿನ ಗದ್ದೆಗಳು ಶುರುವಾಗುವ ಕಡೆ, ಕೆಂಪಮ್ಮನ ಹೆಂಚಿನ ಮನೆಯ ಅರ್ಧ ಭಾಗ ಬಾಡಿಗೆಗೆ ಹಿಡಿದೆವು. ಗದಗಿನ ಕಪ್ಪು ಮಣ್ಣಿನ ಯರೆ ಹೊಲದಲ್ಲಿ ನಿಂತರೆ ಒಂದು ಹರದಾರಿ ಆಚೆ ನಡೆಯುವ ಎತ್ತು ಕಾಣಿಸುತ್ತದೆ. ಇಲ್ಲಿ ಕಬ್ಬು ಎದ್ದು ನಿಂತಿತೆಂದರೆ ಎರಡು ಮಾರು ಆಚೆಗಿನ ಮನುಷ್ಯ ಕಾಣುವುದಿಲ್ಲ. ಬೇರೆಯವರು ಕಬ್ಬು ನೋಡಿ ಬೆಲ್ಲ ನೆನೆಸಿಕೊಂಡರೆ ನಾನು ನೀಲವ್ವನನ್ನು ನೆನೆಸಿಕೊಂಡು ನಡುಗುತ್ತಿದ್ದೆ.

ನೀಲವ್ವನನ್ನು ಗದಗಿನವರಾದ ನೀವು ಬಲ್ಲಿರಿ. ನಮ್ಮ ಓಣಿಯಲ್ಲಿ ಅವಳು ಯಾರ ಮನೆ ಹೊಕ್ಕರೂ ಒಂದು ತುಂಡು ರೊಟ್ಟಿ ಕೈಗಿಟ್ಟು ತಿರುಗಿಸಿ ಕಳಿಸುತ್ತಿದ್ದಿರಿ. ಇಲ್ಲಿ ಯಾರಿಗೂ ಅವಳ ಪರಿಚಯವಿಲ್ಲ. ಏಳು ವರ್ಷದ ಹುಡುಗಿ, ಲಕ್ಷಣವಾಗಿದ್ದಾಳೆ, ಮಾತಾಡಿಸಿದರೆ ಮುಖ ನೋಡುವುದಿಲ್ಲ. "ಮಾತ್ ಬರಕ್ಕಿಲ್ವಾ? ಕಿವಿ ಕೇಳಕ್ಕಿಲ್ವಾ? ಏನಾರ ಮೆಟ್ಕಂಡದಾ ನೋಡ್ಸು" ಎಂದು ಬಾವಿಕಟ್ಟೆಯ ಹೆಂಗಸರು ನನ್ನ ತಲೆ ತಿಂದರು. ಈ ಕಡೆಯವರ ಮಾತು ಹಾಗೆಯೇ, ಒಳಗೊಂದು ಹೊರಗೊಂದು ಇಲ್ಲ. ಒಬ್ಬಾಕೆ ಬರೆ ಹಾಕಿಸಿದರೆ ಸರಿಹೋಗುತ್ತದೆಂದು ಕಾಯಿಸುವ ಕಬ್ಬಿಣದ ಕಡ್ಡಿ ಸಹ ತಂದು ತೋರಿಸಿದಳು. ಅಂದಿನಿಂದ ನಾನು ಬಾವಿಗೆ ಹೋಗುವಾಗಲೂ ಮಗಳ ಕೈ ಬಿಡಲಿಲ್ಲ.

ಕಿವಿ ಕೇಳುವುದಿಲ್ಲವಂತೆ! ಅವಳಷ್ಟು ಕೇಳುವವರು ಈ ಜಿಲ್ಲೆಯಲ್ಲಿ ಇಲ್ಲ. ಕಾರ್ಖಾನೆಯ ಕೂಗು ಏಳುವ ಮುಂಚೆಯೇ ಅವಳು ಎರಡೂ ಕಿವಿ ಮುಚ್ಚಿಕೊಂಡು ಕೌದಿಯೊಳಗೆ ತೂರಿಕೊಂಡಿರುತ್ತಾಳೆ. ತಟ್ಟೆ ಕೈಜಾರಿ ಬಿದ್ದರೆ ಓಡಿಹೋಗಿ ಮೂಲೆ ಸೇರುತ್ತಾಳೆ. ಅವಳಿಗೆ ಬೇಕಾದ ಸದ್ದುಗಳೇ ಬೇರೆ. ನೀರು ಕಲ್ಲಿಗೆ ತಾಗಿ ಸರಿದುಹೋಗುವ ಸದ್ದಿಗೆ ನಗುತ್ತಾಳೆ. ಎಲ್ಲಕ್ಕಿಂತ ಹೆಚ್ಚಾಗಿ ರೊಟ್ಟಿ ಬಡಿಯುವ ಸದ್ದು. ನಾನು ಕೊಣಮಿಗೆಯ ಮರದ ಹರಿವಾಣದಲ್ಲಿ ಹಿಟ್ಟು ಹರವಿ ತಟತಟ ಎನ್ನಿಸಿದರೆ ಸಾಕು, ಎಲ್ಲಿದ್ದರೂ ಬಂದು ಕೊಣಮಿಗೆಯ ಅಂಚಿಗೆ ಕೆನ್ನೆ ಕೊಟ್ಟು ಮಲಗುತ್ತಾಳೆ, ಆ ಮರದ ನಡುಕ ಅವಳ ಗಲ್ಲಕ್ಕೆ ತಾಗಬೇಕು. ಮೊದಲ ರೊಟ್ಟಿಯನ್ನು ಮೂಸಿ ನೋಡಿ, ಕೆನ್ನೆಗೊತ್ತಿಕೊಂಡು, ಆಮೇಲೆ ತಿನ್ನುತ್ತಾಳೆ. ಬೇವಿನ ಬೀಜ ಸಾಲಾಗಿಟ್ಟು ಅದರ ಪಕ್ಕ ತಾನೂ ಸಾಲಿನಲ್ಲೇ ಮಲಗುತ್ತಾಳೆ. 'ಅವ್ವಾ' ಎಂದು ಒಂದು ದಿನವೂ ಕರೆದಿಲ್ಲ. ಆದರೆ ಮನಸ್ಸು ತುಂಬಿದಾಗ ಹಿಂದಿನಿಂದ ಬಂದು ನನ್ನ ಬೆನ್ನ ಮೇಲೆ ಎರಡೂ ಅಂಗೈಯಿಂದ ರೊಟ್ಟಿ ಬಡಿಯುತ್ತಾಳೆ. ಹಾಗೆ ಕರೆಸಿಕೊಂಡ ತಾಯಿ ಬೇರೆ ಯಾರಿದ್ದಾರೆ? ನನಗೆ ಅದರ ಹೆಮ್ಮೆ ಇದೆ, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಇಲ್ಲಿ ರೊಟ್ಟಿ ಬಡಿಯುವವರಿಲ್ಲ. ಎರಡು ಹೊತ್ತೂ ರಾಗಿ ಮುದ್ದೆ, ಕುದಿಯುವ ನೀರಿನಲ್ಲಿ ಹಿಟ್ಟು ತಿರುವಿ ಕಟ್ಟಿದ ಉಂಡೆ. ಅದನ್ನು ಮೊದಲ ಸಲ ಬಾಯಿಗಿಟ್ಟು ನಾನು ಅಗಿಯುತ್ತಾ ಕೂತಿದ್ದೆ. ಕೆಂಪಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಅಗೀಬ್ಯಾಡ ಕಣವ್ವ, ನುಂಗು. ಮುದ್ದೆಗೆ ಅಲ್ಲು ತೋರುಸ್ಬಾರ್ದು." ನುಂಗುವುದನ್ನು ಕಲಿಯಲು ನನಗೆ ಒಂದು ಮಳೆಗಾಲ ಹಿಡಿಯಿತು. ನೀಲವ್ವ ಕಲಿಯಲೇ ಇಲ್ಲ, ಬಿಸಿ ಮುದ್ದೆಯನ್ನು ಮಡಿಲಲ್ಲಿಟ್ಟುಕೊಂಡು ಆರುವ ತನಕ ಸವರುತ್ತಾಳೆ. ಕೆಂಪಮ್ಮ ಮೊದಮೊದಲು ಬಯ್ಯುತ್ತಿದ್ದಳು, ಆಮೇಲೆ ಅವಳಿಗೆಂದೇ ಒಂದು ಪುಟ್ಟ ಮುದ್ದೆ ಕಟ್ಟತೊಡಗಿದಳು. ಜೋಳದ ಹಿಟ್ಟನ್ನು ನನ್ನ ತಮ್ಮ ಗದಗಿನಿಂದ ಬರುವವರ ಕೈಯಲ್ಲಿ ಕಳಿಸುತ್ತಿದ್ದ. ನಾನು ರೊಟ್ಟಿ ಬಡಿಯಲು ಕೂತರೆ ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು, "ಗದಗ್ನೋಳು ಬಟ್ಟೆ ಒಗೀತಾವ್ಳೆ" ಎಂದು ಹಾಸ್ಯ ಮಾಡುತ್ತಿದ್ದರು.

ಸಂಕ್ರಾಂತಿ ಹತ್ತಿರವಿದ್ದ ಒಂದು ಮಧ್ಯಾಹ್ನ ನಾನು ಅಂಜುತ್ತಿದ್ದದ್ದು ಆಯಿತು. ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ, ನೀಲವ್ವ ಪಕ್ಕದಲ್ಲೇ ಬೀಜ ಜೋಡಿಸುತ್ತಿದ್ದಳು. ಕಾರ್ಖಾನೆಯ ಕೂಗು ಹೊತ್ತಲ್ಲದ ಹೊತ್ತಿನಲ್ಲಿ ಎದ್ದಿತು, ಏಕೋ ಏನೋ ನಿಲ್ಲದೆ ಕೂಗಿತು. ನಾನು ತಲೆಯೆತ್ತಿ ನೋಡುವಷ್ಟರಲ್ಲಿ ಬೀಜದ ಸಾಲು ಮಾತ್ರ ಇತ್ತು. ಮನೆಯೊಳಗೆ ಹುಡುಕಿದೆ, ಕೌದಿ ಕೊಡವಿದೆ. ಕಾಲುವೆಯ ದಂಡೆಯಲ್ಲಿ ಒದ್ದೆ ಮಣ್ಣಿನ ಮೇಲೆ ಅವಳ ಹೆಜ್ಜೆ ಮೂಡಿತ್ತು. ಅದು ನೀರಿಗೆ ಇಳಿದಿತ್ತೋ, ದಾಟಿ ಆಚೆಯ ಕಬ್ಬಿಗೆ ಹೋಗಿತ್ತೋ ತಿಳಿಯಲಿಲ್ಲ.

ನನ್ನ ಕೂಗಿಗೆ ಊರೇ ಓಡಿಬಂತು, ಅದನ್ನು ಮರೆಯಲಾರೆ. ಇಬ್ಬರು ಗಂಡಸರು ಸೊಂಟದ ಮಟ್ಟ ನೀರಿಗಿಳಿದು ಕಾಲಿನಿಂದ ತಡಕುತ್ತಾ ಹೋದರು. ಅವರ ಕಾಲು ಏನಕ್ಕೋ ತಾಗಿ ನಿಂತಾಗಲೆಲ್ಲ ನನ್ನ ಉಸಿರೂ ನಿಲ್ಲುತ್ತಿತ್ತು. ಉಳಿದವರು ತಮಟೆ ತಂದರು. ತಮಟೆ ಎಂದರೆ ನಮ್ಮ ಹಲಗೆ. ಕಬ್ಬಿನೊಳಗೆ ದನವೋ ಮಗುವೋ ತಪ್ಪಿಹೋದರೆ ಇವರು ಗದ್ದೆಯ ಸುತ್ತ ಬದುವಿನ ಮೇಲೆ ನಿಂತು ತಮಟೆ ಬಡಿಯುತ್ತಾರೆ, ಎಲ್ಲರೂ ಒಟ್ಟಿಗೆ ಹೆಸರು ಕೂಗುತ್ತಾರೆ. ಒಳಗೆ ದಿಕ್ಕು ತಪ್ಪಿದ್ದು ಸದ್ದು ಹಿಡಿದು ಹೊರಗೆ ಬರಲೆಂದು ಈ ಪದ್ಧತಿ. ಎಷ್ಟೋ ಮಕ್ಕಳು ಹಾಗೆ ಬಂದಿದ್ದಾರಂತೆ.

ತಮಟೆ ಎದ್ದೊಡನೆ ಗದ್ದೆಯ ನಡುವೆ ಕಬ್ಬಿನ ಗರಿ ಅಲುಗಿತು. ಅಲುಗುತ್ತಾ ನಮ್ಮಿಂದ ದೂರ ಹೋಯಿತು. ಮಗಳು ಬದುಕಿದ್ದಾಳೆ ಎಂದು ಗೊತ್ತಾದ ಕ್ಷಣವೇ ಅವಳು ಎತ್ತ ಓಡುತ್ತಿದ್ದಾಳೆಂದೂ ಗೊತ್ತಾಯಿತು. ಆ ಗದ್ದೆಯ ಆಚೆ ತುದಿಯಲ್ಲಿ ದೊಡ್ಡ ನಾಲೆ ಇದೆ. ಅಲ್ಲಿ ಆನೆ ಇಳಿದರೂ ಮುಳುಗುತ್ತದೆ.

"ಬಡೀಬ್ಯಾಡ್ರೀ, ಬಡೀಬ್ಯಾಡ್ರೀ, ಆಕಿ ಸದ್ದಿಗೆ ಹೆದರತಾಳ" ಎಂದು ಓಡಿ ಓಡಿ ಒಬ್ಬೊಬ್ಬರ ಕಾಲಿಗೆ ಬಿದ್ದೆ. ತಮಟೆಯ ಅಬ್ಬರದಲ್ಲಿ ಪರವೂರ ಹೆಂಗಸಿನ ಮಾತು ಯಾರ ಕಿವಿಗೆ ಬೀಳಬೇಕು? ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡು ಇನ್ನೂ ಜೋರಾಗಿ ಬಡಿದರು. ಕೆಂಪಮ್ಮನ ಕೈ ಹಿಡಿದುಕೊಂಡು ಅಲುಗುವ ಗರಿ ತೋರಿಸಿದೆ. "ಅಕ್ಕಾ, ನೋಡು. ನಾಲೀ ಕಡೆ ಹೊಂಟಾಳ."

ಕೆಂಪಮ್ಮ ಒಂದು ಗಳಿಗೆ ನೋಡಿದಳು. ಆಮೇಲೆ ಬದುವಿನ ಮೇಲೆ ಹತ್ತಿ ನಿಂತಳು. "ನಿಲ್ಸ್ರಲಾ! ಯಾವನ್ಲಾ ಅವ್ನು ಬಡೀತಿರೋನು? ಎತ್ತ ತಾಯಿ ಯೋಳ್ತಾವ್ಳೆ, ಕಿವಿಗ್ ಆಕ್ಕಳಿ. ಒಬ್ರೂ ಉಸಿರೆತ್ತಬ್ಯಾಡಿ." ತಮಟೆಯವನ ಕೈಯಿಂದ ಕಡ್ಡಿಯನ್ನು ಕಿತ್ತೇಬಿಟ್ಟಳು.

ಎಲ್ಲ ನಿಂತಿತು. ಗರಿ ಅಲುಗುವುದೂ ನಿಂತಿತು. ಮನೆಗೆ ಓಡಿ ಕೊಣಮಿಗೆ ಹೊತ್ತು ತಂದೆ, ಬುಟ್ಟಿಯ ತಳದಲ್ಲಿದ್ದ ಜೋಳದ ಹಿಟ್ಟು ತಂದೆ. ಬದುವಿನ ಮೇಲೆ ಕೂತು, ಕಾಲುವೆಯ ನೀರು ಹಾಕಿ ನಾದಿ, ಬಡಿಯತೊಡಗಿದೆ. ತಣ್ಣೀರಿಗೆ ಹಿಟ್ಟು ಅಂಟುಹಿಡಿಯದೆ ರೊಟ್ಟಿ ಹರಿಯುತ್ತಿತ್ತು. ಮುದ್ದೆ ಮಾಡಿ ಮತ್ತೆ ಬಡಿದೆ, ಮತ್ತೆ ಹರಿಯಿತು, ಮತ್ತೆ ಬಡಿದೆ. ಹೊತ್ತು ಇಳಿಯುತ್ತಾ ಬಂತು. ಕಬ್ಬು ಅಲುಗಲಿಲ್ಲ. ಸದ್ದು ಅಷ್ಟು ದೂರ ಮುಟ್ಟುವುದೋ ಇಲ್ಲವೋ, ಮುಟ್ಟಿದರೂ ಅವಳು ಕಿವಿಯಿಂದ ಕೈ ತೆಗೆದಿದ್ದಾಳೋ ಇಲ್ಲವೋ. ಕಣ್ಣೀರು ಹಿಟ್ಟಿಗೆ ಬೀಳುತ್ತಿತ್ತು. ತಲೆ ಎತ್ತಿ ನೋಡುವ ಧೈರ್ಯವಿರಲಿಲ್ಲ, ನೋಡಿದರೆ ಕೈ ನಿಲ್ಲುತ್ತಿತ್ತು.

ಬೆನ್ನ ಮೇಲೆ ಎರಡು ಒದ್ದೆ ಅಂಗೈ ಬಿದ್ದವು. ತಟ, ತಟ.

ಮೈಯೆಲ್ಲ ಗರಿ ಗೀರಿ ರಕ್ತ ಬಂದಿತ್ತು. ಅಳುತ್ತಿರಲಿಲ್ಲ. ಮುಂದೆ ಬಂದು ಕೊಣಮಿಗೆಗೆ ಕೆನ್ನೆಯಿಟ್ಟು ಮಲಗಿದಳು. ಬರೆ ಹಾಕಿಸು ಎಂದಿದ್ದ ಹೆಂಗಸು ತನ್ನ ಸೆರಗಿನಿಂದ ಅವಳ ಕಾಲು ಒರೆಸಿದಳು.

ನಮ್ಮ ಮನೆಯವರು ಅಂದೇ ಹೇಳಿದರು, "ಸಾಕು, ಊರಿಗೆ ಹೋಗೂಣು. ಅಲ್ಲಿ ನಾಲಿ ಇಲ್ಲ, ಕಬ್ಬೂ ಇಲ್ಲ." ನನಗೂ ಬೇಕಾದದ್ದು ಅದೇ. ಬೇಸಿಗೆಗೆ ನಾನು ಮಗಳನ್ನು ಕರೆದುಕೊಂಡು ಗದಗಿಗೆ ಬಂದದ್ದು ಹಬ್ಬಕ್ಕಲ್ಲ, ಅಲ್ಲೇ ಉಳಿಯಲೆಂದು. ನೀವೆಲ್ಲ ಎಷ್ಟು ಪ್ರೀತಿಯಿಂದ ನೋಡಿಕೊಂಡಿರಿ. ಆದರೆ ಆ ಮೊದಲ ಬೆಳಿಗ್ಗೆ ನಡೆದದ್ದರ ಅರ್ಥ ನಿಮಗೆ ಆಗಿರಲಿಕ್ಕಿಲ್ಲ. ಬೆಳಗಾಯಿತು, ಓಣಿಯ ಮನೆಮನೆಯಲ್ಲೂ ರೊಟ್ಟಿ ಬಡಿಯುವ ಸದ್ದು ಎದ್ದಿತು. ನನಗೆ ಹೋದ ಜೀವ ಬಂದಂತಾಯಿತು. ನೀಲವ್ವ ಬೀದಿಗೆ ಓಡಿದಳು. ಒಂದು ಮನೆ ಹೊಕ್ಕಳು, ಅಲ್ಲಿ ನಾನಿರಲಿಲ್ಲ. ಎದುರಿನ ಮನೆ ಹೊಕ್ಕಳು, ಅಲ್ಲೂ ಇರಲಿಲ್ಲ. ಮೊದಲು ಅವಳು ಎಲ್ಲ ಮನೆಗೂ ಹೋಗುತ್ತಿದ್ದವಳೇ. ಮಂಡ್ಯದಲ್ಲಿ ಇದ್ದಷ್ಟು ಕಾಲದಲ್ಲಿ ಆ ಸದ್ದು ಎಂದರೆ ನಾನು ಎಂದು ಕಲಿತುಬಿಟ್ಟಿದ್ದಳು. ನಾನು ಅಡುಗೆಮನೆಯಲ್ಲಿ ಬಡಿಯುತ್ತಲೇ ಇದ್ದೆ, ಅವಳು ಬೀದಿಯ ನಡುವೆ ನಿಂತು ಸುತ್ತ ತಿರುಗುತ್ತಾ, ಕಿವಿ ಮುಚ್ಚಿಕೊಂಡು ಚೀರುತ್ತಿದ್ದಳು. ನೀವು ದೃಷ್ಟಿ ತೆಗೆದಿರಿ. ಮರುದಿನವೂ ಹಾಗೆಯೇ ಆಯಿತು, ಅದರ ಮರುದಿನ ಅವಳು ಊರಾಚೆಗೆ ಓಡಿದಳು.

ಹಾಗಾಗಿ ಮಂಡ್ಯಕ್ಕೆ ಹಿಂತಿರುಗಿ ಬಂದೆ. ಬಿಟ್ಟುಹೋದಳೆಂದು ಬೇಸರಪಟ್ಟುಕೊಳ್ಳಬೇಡಿರಿ. ನಾಲೆ ಹರಿಯುತ್ತಲೇ ಇದೆ, ಕಬ್ಬು ಮತ್ತೆ ಎದೆಯುದ್ದ ಬೆಳೆದಿದೆ, ನನ್ನ ಹೆದರಿಕೆಯೂ ಎಲ್ಲಿತ್ತೋ ಅಲ್ಲೇ ಇದೆ. ನಾನು ಸತ್ತ ಮೇಲೆ ಯಾರು ಬಡಿಯುತ್ತಾರೆ ಎಂಬ ಇನ್ನೊಂದು ಹೆದರಿಕೆಯೂ ಸೇರಿದೆ, ಅದನ್ನು ಇಲ್ಲಿ ಯಾರ ಮುಂದೆಯೂ ಹೇಳುವುದಿಲ್ಲ.

ಮೊನ್ನೆ ಕೆಂಪಮ್ಮ ಬಂದು ಕೊಣಮಿಗೆಯ ಮುಂದೆ ಕೂತಳು. ಮುದ್ದೆ ನುಂಗುವುದನ್ನು ಕಲಿಸಿದವಳು, ನನ್ನ ಮಗಳನ್ನು ಉಳಿಸಿಕೊಟ್ಟವಳು. "ನಂಗೂ ನಿಮ್ ರೊಟ್ಟಿ ಬಡಿಯಾದ್ ಕಲ್ಸವ್ವ" ಎಂದು ಹಿಟ್ಟಿಗೆ ಕೈ ಹಾಕಿದಳು. ನಾನು ಆ ಕೈ ಹಿಡಿದುಕೊಂಡೆ. ನಮ್ಮೂರಿನ ರೊಟ್ಟಿಯನ್ನು ಬೇರೆ ಊರಿನವರು ಬಯಸಿ ಕಲಿಯಬಂದರೆ ಯಾರಾದರೂ ಬೇಡ ಎನ್ನುತ್ತಾರೆಯೇ? "ಬ್ಯಾಡ ಅಕ್ಕಾ" ಎಂದೆ. ಗದಗಿನಲ್ಲಿ ನಡೆದದ್ದು ಅವಳಿಗೆ ಗೊತ್ತಿತ್ತು, ಮತ್ತೆ ಹೇಳದೆ ನೀಲವ್ವನ ಕಡೆ ನೋಡಿದೆ.

ಕೆಂಪಮ್ಮ ಕೊಣಮಿಗೆಯ ಅಂಚಿಗೆ ಕೆನ್ನೆಯಿಟ್ಟು ಮಲಗಿದ್ದ ನೀಲವ್ವನನ್ನು ನೋಡಿದಳು. ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು.

"ಬುಡು ಕಣವ್ವ" ಎಂದಳು. "ತಿನ್ನಕ್ಕೆ ಬತ್ತೀನಿ. ಬಡಿಯಕ್ಕೆ ನೀನೊಬ್ಳೇ ಇರು."