ಬೊಂಬೆಗಳ ಹಸ್ತಾಂತರ ಒಪ್ಪಂದ

ವಿಶಾಖಪಟ್ಟಣದಲ್ಲಿ ನಾನು ಓದುತ್ತಿದ್ದ ಎಂ.ಎ.ಯ ಹೆಸರು ಮೂಗಿಗಿಂತ ಮೂಗುತಿ ಭಾರ ಎನ್ನುವಂಥದ್ದು: ಜಾಗತಿಕ ಆಡಳಿತ, ಭದ್ರತೆ ಮತ್ತು ಸುಸ್ಥಿರತೆ. ವಿಜಯವಾಡದ ಪಟಮಟದ ನಮ್ಮ ಮನೆಯಲ್ಲಿ ಅದನ್ನು ಪೂರ್ತಿ ಹೇಳುವ ತಾಳ್ಮೆ ಯಾರಿಗೂ ಇರಲಿಲ್ಲ. ಅಪ್ಪ ನೆಂಟರಿಗೆಲ್ಲ 'ಐಎಎಸ್‌ಗೆ ಹತ್ತಿರದ್ದು' ಎಂದು ಹೇಳಿ ಕೈತೊಳೆದುಕೊಳ್ಳುತ್ತಿದ್ದರು. ಅಮ್ಮ ಮಾತ್ರ ನಮ್ಮ ಪ್ರಾಧ್ಯಾಪಕರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡು 'ಜಗಳ ಬಿಡಿಸೋ ಓದು' ಎನ್ನುತ್ತಿದ್ದಳು.

ಅಮ್ಮ ನಂಜನಗೂಡಿನವಳು. ತೆಲುಗಿನವರನ್ನು ಮದುವೆಯಾಗಿ ವಿಜಯವಾಡಕ್ಕೆ ಬಂದಾಗ ಅವಳ ಜೊತೆ ಬಂದದ್ದು ತವರಿನ ಒಂದು ಜೋಡಿ ಪಟ್ಟದ ಗೊಂಬೆ ಮಾತ್ರ. ಬರೀ ರಾಜ ರಾಣಿಯನ್ನಿಟ್ಟು ದಸರಾ ಮಾಡಲಾದೀತೇ? ಕೆಳಗಿನ ಮನೆಯ ಪಿನ್ನಿಗೂ ಅದೇ ಚಿಂತೆಯಿತ್ತು, ಆದರೆ ಆಕೆ ಬೊಂಬೆ ಕೂರಿಸುತ್ತಿದ್ದದ್ದು ಸಂಕ್ರಾಂತಿಗೆ. ಪಿನ್ನಿ ಎಂದರೆ ತೆಲುಗಿನಲ್ಲಿ ಚಿಕ್ಕಮ್ಮ. ನಂಟಲ್ಲದಿದ್ದರೂ ನಾನು ಹಾಗೇ ಕರೆಯುತ್ತೇನೆ. ಇಬ್ಬರೂ ಕೂಡಿ ಬೊಂಬೆಗಳಿಗೆ ಹೆಸರಾದ ಕೊಂಡಪಲ್ಲಿಗೆ ಹೋಗಿ ಒಂದೇ ಸೆಟ್ ತಂದರು. ಅಂಬಾರಿ ಆನೆ, ದಶಾವತಾರ, ಎತ್ತಿನ ಗಾಡಿ, ತಾಳೆಮರ ಹತ್ತುವವನು, ಎಲ್ಲವೂ ಹಗುರ ಮರದವು. ದಸರಾಕ್ಕೆ ಅವು ಮೇಲೆ ಬರುತ್ತಿದ್ದವು, ಸಂಕ್ರಾಂತಿಗೆ ಕೆಳಗೆ ಇಳಿಯುತ್ತಿದ್ದವು. ಉಳಿದ ದಿನ ಎಲ್ಲಿದ್ದವೋ ಅಲ್ಲೇ ಇರುತ್ತಿದ್ದವು. ನಾನು ಹುಟ್ಟುವ ಮೊದಲಿನಿಂದ ಈ ವ್ಯವಸ್ಥೆ ಒಂದು ಸಾಲು ಬರವಣಿಗೆಯೂ ಇಲ್ಲದೆ ನಡೆದುಕೊಂಡು ಬಂದಿತ್ತು.

ಆ ಬೇಸಿಗೆಯಲ್ಲಿ ಅದು ಮುರಿಯಿತು. ಅಮ್ಮ ನೀರಿನ ಮೋಟಾರ್ ಹಾಕಿ, ನಂಜನಗೂಡಿನ ಅಕ್ಕನಿಗೆ ಫೋನ್ ಹಚ್ಚಿದಳು. ಆ ಅಕ್ಕತಂಗಿಯರ ಮಾತು ಮುಗಿಯುವುದರೊಳಗೆ ಟ್ಯಾಂಕ್ ತುಂಬಿ ಹರಿದು, ಪಿನ್ನಿ ತಾರಸಿಯ ಮೇಲೆ ಒಣಹಾಕಿದ್ದ ವರ್ಷದ ಸಂಡಿಗೆಯೆಲ್ಲ ಮತ್ತೆ ಹಿಟ್ಟಾಯಿತು. ತಪ್ಪಾಯಿತು ಎಂದಿದ್ದರೆ ಮುಗಿಯುತ್ತಿತ್ತು. ಅಮ್ಮ, "ಟ್ಯಾಂಕ್ ಕೆಳಗೆ ಯಾರಾದ್ರೂ ಸಂಡಿಗೆ ಹಾಕ್ತಾರಾ?" ಎಂದು ಕೇಳಿಬಿಟ್ಟಳು. ಪಿನ್ನಿ ಚಾಪೆ ಮಡಚಿಕೊಂಡು ಇಳಿದು ಹೋದರು. ಅಂದಿನಿಂದ ಮಾತಿಲ್ಲ. ಬೊಂಬೆಗಳು ಕೆಳಗಿದ್ದವು, ದಸರಾ ಹತ್ತಿರ ಬರುತ್ತಿತ್ತು.

ಅಮ್ಮ ವಿಶಾಖಪಟ್ಟಣದ ಪೆಂಡುರ್ತಿಯ ನನ್ನ ರೂಮಿಗೆ ಫೋನ್ ಮಾಡಿದಳು. "ಪ್ರಪಂಚದ ಜಗಳ ಎಲ್ಲಾ ಬಿಡಿಸೋಕೆ ಕಲೀತಿದೀಯಲ್ಲ, ನಮ್ಮ ಬೊಂಬೆ ಬಿಡಿಸ್ಕೊಂಡು ಬಾ ನೋಡೋಣ."

"ನೀನೇ ಹೋಗಿ ಅಡುಗು ಅಮ್ಮ, ಏಮವುತ್ತೆ?" ಎಂದೆ. ನನ್ನ ಕನ್ನಡ ಹೀಗೇ ಅರ್ಧ ದಾರಿಯಲ್ಲಿ ತೆಲುಗಿಗೆ ತಿರುಗುತ್ತದೆ; 'ಕೇಳು' ಎನ್ನಲು ಹೋಗಿ 'ಅಡುಗು' ಎನ್ನುತ್ತೇನೆ.

"ನಾನು ಹೋಗಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ನಿನ್ನ ನೋಡೇ ಹೇಳಿರಬೇಕು," ಎಂದು ಫೋನ್ ಇಟ್ಟಳು. ಅವಳ ದನಿ ಒಡೆದಿತ್ತು. ಅವಳಿಗೆ ಬೇಕಾದದ್ದು ಆನೆಯಲ್ಲ, ಪಿನ್ನಿ, ಎಂದು ನನಗೆ ಆಗಲೇ ಗೊತ್ತಾಗಿ ಸಂಕಟವಾಯಿತು.

ಅದೇ ವಾರ ತರಗತಿಯಲ್ಲಿ ನಾನೊಂದು ದ್ವೀಪರಾಷ್ಟ್ರವಾಗಿದ್ದೆ. ಅಣಕು ಸಮುದ್ರ ಸಮ್ಮೇಳನ ಅದು. ಕಿಟಕಿಯಾಚೆ ನಿಜವಾದ ಸಮುದ್ರ ತನ್ನ ಪಾಡಿಗೆ ತಾನಿತ್ತು; ಒಳಗೆ ನಾವು ಒಂದು ಅಲ್ಪವಿರಾಮಕ್ಕಾಗಿ ಕಿತ್ತಾಡುತ್ತಿದ್ದೆವು. ಆಗ ಪ್ರಾಧ್ಯಾಪಕರು ಒಂದು ಪದ್ಧತಿ ಹೇಳಿಕೊಟ್ಟರು. ಕರಡನ್ನು ಎಲ್ಲ ದೇಶಗಳಿಗೂ ಕಳಿಸಿ ಒಂದು ಗಡುವು ಕೊಡುವುದು. ಅಷ್ಟರೊಳಗೆ ಯಾರೂ ಬಾಯಿ ಬಿಡದಿದ್ದರೆ ಎಲ್ಲರೂ ಒಪ್ಪಿದಂತೆ. ಮೌನಂ ಸಮ್ಮತಿ ಲಕ್ಷಣಂ! ನಮ್ಮ ಅಜ್ಜಂದಿರು ಹೇಳಿದ್ದನ್ನೇ ಪ್ರಪಂಚ ಕೋಟು ಹಾಕಿಕೊಂಡು ಮಾಡುತ್ತಿದೆಯಲ್ಲ ಎಂದು ನಾನು ಉಬ್ಬಿಹೋದೆ.

ಅಂದೇ ಕರಡು ಬರೆದು ಪಿನ್ನಿಯ ಫೋನಿಗೆ ಕಳಿಸಿದೆ. ವಿಧಿ ಒಂದು, ಬೊಂಬೆಗಳನ್ನು ವಾಡಿಕೆಯಂತೆ ಮೇಲಿನ ಮನೆಗೆ ಹಸ್ತಾಂತರಿಸತಕ್ಕದ್ದು. ವಿಧಿ ಎರಡು, ಸಂಡಿಗೆ ಘಟನೆಯ ಬಗ್ಗೆ ಉಭಯ ಪಕ್ಷಗಳೂ ವಿಷಾದ ವ್ಯಕ್ತಪಡಿಸುತ್ತವೆ. ಶುಕ್ರವಾರ ದೀಪ ಹಚ್ಚುವ ಹೊತ್ತಿನೊಳಗೆ ಆಕ್ಷೇಪಣೆ ಬಾರದಿದ್ದರೆ ಅಂಗೀಕಾರವಾದಂತೆ. ಪಿನ್ನಿ ಓದಿದ ಗುರುತಿಗೆ ಎರಡು ನೀಲಿ ಗೆರೆ ಬಂದವು. ಶುಕ್ರವಾರ ದೀಪ ಹಚ್ಚುವ ಹೊತ್ತು ಕಳೆಯಿತು. ಉತ್ತರವಿಲ್ಲ. "ಒಪ್ಪಂದ ಆಯ್ತು," ಎಂದು ಅಮ್ಮನಿಗೆ ಹೇಳಿ ರೈಲು ಹತ್ತಿದೆ.

ಮರುದಿನ ಖಾಲಿ ರಟ್ಟಿನ ಡಬ್ಬ ಹಿಡಿದು ಪಿನ್ನಿಯ ಬಾಗಿಲು ತಟ್ಟಿದೆ. "ರಾ ತಲ್ಲಿ, ಕೂರ್ಚೋ," ಎಂದು ಕೂರಿಸಿ ಕಾಫಿ ಕೊಟ್ಟರು. ಪುಳಿಯೋಗರೆ ಕೊಟ್ಟರು. ಮೇಲಿನ ಮನೆಯಲ್ಲೇ ಇದ್ದ ಅಮ್ಮ ಹೇಗಿದ್ದಾಳೆಂದು ವಿಶಾಖಪಟ್ಟಣದಿಂದ ಬಂದ ನನ್ನನ್ನು ಕೇಳಿದರು. ಬೊಂಬೆಯ ಮಾತೆತ್ತಿದಾಗಲೆಲ್ಲ ನಗುತ್ತಾ ತಟ್ಟೆಗೆ ಇನ್ನಷ್ಟು ಬಡಿಸಿದರು. ನಮ್ಮ ಕಡೆ ಮರ್ಯಾದಸ್ಥರು 'ಆಗುವುದಿಲ್ಲ' ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಸುಮ್ಮನಿರುವುದೇ ಅವರ ಆಕ್ಷೇಪಣೆ. ಹುಟ್ಟಿದಾಗಿನಿಂದ ಗೊತ್ತಿದ್ದ ಇಷ್ಟನ್ನು ಮರೆಯಲು ನನಗೆ ಒಂದು ಎಂ.ಎ. ಬೇಕಾಯಿತು. ಹೊಟ್ಟೆ ಬಿರಿಯುವಂತೆ ತಿಂದು ಖಾಲಿ ಡಬ್ಬದೊಂದಿಗೆ ಮೇಲೆ ಬಂದೆ.

ಅಮ್ಮ ಡಬ್ಬವನ್ನು ನೋಡಿದಳು, ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮೆಟ್ಟಿಲು ಜೋಡಿಸಿ, ಬಿಳಿ ಪಂಚೆ ಹಾಸಿ, ತುದಿಯಲ್ಲಿ ಪಟ್ಟದ ಗೊಂಬೆಗಳನ್ನಿಟ್ಟಳು. ಉಳಿದ ಮೆಟ್ಟಿಲೆಲ್ಲ ಬರಿದು. ಪ್ರಜೆಗಳೇ ಇಲ್ಲದ ರಾಜ ರಾಣಿಯನ್ನು ನೋಡಿ ನನಗೆ ನಗುವೂ ಬಂತು, ಅಳುವೂ ಬಂತು.

ಬೊಂಬೆ ಕೂರಿಸಿದ ಮೇಲೆ ಕುಂಕುಮದ ಭರಣಿ ಹಿಡಿದು ಬಿಲ್ಡಿಂಗಿನ ಮನೆಮನೆಗೂ ಕರೆಯಲು ಹೋಗಬೇಕು. ಒಂದು ಮನೆ ಬಿಟ್ಟರೂ ಜನ ಆಡಿಕೊಳ್ಳುತ್ತಾರೆ. ಕೆಳಗಿನ ಬಾಗಿಲಲ್ಲಿ ಅಮ್ಮ ಸ್ವಲ್ಪ ಹೊತ್ತು ನಿಂತಳು. "ಶಾಸ್ತ್ರಕ್ಕೆ ಕರೀತಿದೀನಿ, ಅಷ್ಟೇ," ಎಂದು ನನಗೆ ಪಿಸುಗುಟ್ಟಿ ಗಂಟೆ ಒತ್ತಿದಳು. ಬಾಗಿಲು ತೆರೆಯಿತು. ಕುಂಕುಮ ಹಚ್ಚುವಾಗ ಪಿನ್ನಿಯ ಮೂಗಿನ ಮೇಲೂ ಅಷ್ಟು ಉದುರಿತು. "ಆ ದಿನವೇ ಬರಬೇಕಿತ್ತು ನಾನು. ನಿನ್ನ ಸಂಡಿಗೆಯನ್ನೂ ಕೆಡಿಸಿ, ಮೇಲೆ ನಿನ್ನನ್ನೇ ಅಂದೆ," ಎಂದಳು, ತನ್ನ ನಂಜನಗೂಡು ರಾಗದ ತೆಲುಗಿನಲ್ಲಿ.

ಸಂಜೆ ಪಿನ್ನಿ ರೇಷ್ಮೆ ಸೀರೆಯುಟ್ಟು ಬಂದರು. ಅವರ ಹಿಂದೆಯೇ ಅಪ್ಪ ಆ ಮನೆಯಿಂದ ಗಂಟುಗಳನ್ನು ಹೊತ್ತು ತರುತ್ತಿದ್ದರು. ಆನೆಯನ್ನು ಮಾತ್ರ ಪಿನ್ನಿ ತಾವೇ ಮಡಿಲಲ್ಲಿ ತಂದಿದ್ದರು. ಎಂದೋ ಮುರಿದಿದ್ದ ಅದರ ದಂತಕ್ಕೆ ಅವರೇ ಅಂಟು ಹಾಕಿ ಬಣ್ಣ ಬಳಿದಿದ್ದರು. ಇಬ್ಬರೂ ಅಕ್ಕಪಕ್ಕ ಕೂತು ದಶಾವತಾರ ಜೋಡಿಸತೊಡಗಿದರು. ನನಗೆ ಎಷ್ಟು ಖುಷಿಯಾಯಿತೆಂದರೆ, ನನ್ನ ಕರಡೂ ಒಂದಿಷ್ಟು ಕೆಲಸ ಮಾಡಿರಬೇಕು ಎಂದು ಬಾಯಿಬಿಟ್ಟೇ ಹೇಳಿದೆ.

ಪಿನ್ನಿ ವಾಮನನನ್ನು ಒರೆಸುತ್ತಾ ಶಾಂತವಾಗಿ ತೆಲುಗಿನಲ್ಲಿ ಹೇಳಿದರು: "ಮಾಡಿತಮ್ಮ. ಹೇಗೂ ನಿಮ್ಮಮ್ಮ ಕೇಳಲು ಬರುತ್ತಾಳೆ ಅಂತ ನಾನು ಎಲ್ಲ ಕಟ್ಟಿ ಬಾಗಿಲ ಹತ್ತಿರವೇ ಇಟ್ಟಿದ್ದೆ. ನಿನ್ನದು ಬಂತು. ಸಂಡಿಗೆ ಕಳೆದುಕೊಂಡವಳೂ ವಿಷಾದಪಡಬೇಕು ಅಂತ ಓದಿದೆ. ಕಟ್ಟಿದ ಗಂಟೆಲ್ಲ ಬಿಚ್ಚಿ ಮತ್ತೆ ಅಟ್ಟಕ್ಕೆ ಹಾಕಿದೆ."

ಅಮ್ಮ ನನ್ನ ಕಡೆ ನಿಧಾನವಾಗಿ ತಿರುಗಿದಳು. ಆ ಒಂಬತ್ತು ದಿನವೂ ಬೊಂಬೆ ನೋಡಲು ಬಂದವರಿಗೆ ಚರ್ಪಿನ ತಿಂಡಿ ಹಂಚುವುದು ಬಿಟ್ಟು ಬೇರೆ ಯಾವ ಕೆಲಸವನ್ನೂ ನನಗೆ ಕೊಡಲಿಲ್ಲ.