ಕೊಟ್ಟಿಗೆಯಲ್ಲಿ ಹಸಿರು ಬೆಳಕು ಹುಡುಕಿದ ದೊಡ್ಡಮ್ಮ

ಗೆಳೆಯರೇ, ಇವತ್ತು ಆಂಧ್ರ ಗಡಿಯ ಬೈರಕೂರಿನ ನಮ್ಮ ದೊಡ್ಡಮ್ಮನ ಜೊತೆ ವಿಜ್ಞಾನಕ್ಕಾಗಿ ಜಗಳವಾಡಿದೆ. ಹಸುವಿನ ಕೆಚ್ಚಲು ಬಾವು ಇಳಿಯಿತೆಂದು ಅವರು ಇಂಜೆಕ್ಷನ್ ಅರ್ಧಕ್ಕೇ ನಿಲ್ಲಿಸಿ, ಕೊಟ್ಟಿಗೆ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದರು. ನಾನು ಬಿಡುತ್ತೇನೆಯೇ? ಪಶು ಆಸ್ಪತ್ರೆಯ ಕರಪತ್ರ ಓದಿ ಹೇಳಿದೆ, ನಾಟಲಿಲ್ಲ. ಮೊಬೈಲಿನಲ್ಲಿ ಪ್ರಯೋಗಾಲಯದ ವಿಡಿಯೊ ತೋರಿಸಿದೆ. ಅದರಲ್ಲಿ ಹಸಿರಾಗಿ ಹೊಳೆಯುವ ಬ್ಯಾಕ್ಟೀರಿಯಾಗಳು ಕೆಚ್ಚಲಿನ ಜೀವಕೋಶದೊಳಗೆ ನುಗ್ಗಿ ಅಡಗಿಕೊಳ್ಳುತ್ತವೆ.

"ನೋಡು ದೊಡ್ಡಮ್ಮ, ಬಾವು ಇಳಿದ್ರೂ ಇವು ಒಳಗೇ ಇರ್ತವೆ."

ದೊಡ್ಡಮ್ಮ ಎದ್ದು ಹೋಗಿ ಕೊಟ್ಟಿಗೆಯ ಬಲ್ಬ್ ಆರಿಸಿ, ಕಿಟಕಿಗೆ ಗೋಣಿಚೀಲ ಮುಚ್ಚಿ, ಹಸುವಿನ ಹೊಟ್ಟೆಯಡಿ ಬಗ್ಗಿ ನೋಡಿದರು.

"ಏಮೀ ಲೇದುರಾ! ಏನೂ ಹೊಳೀತಿಲ್ಲ. ವಾಸಿಯಾಗಿದೆ ಕಣೋ."

"ಅಯ್ಯೋ, ಅವು ಎಲ್ಲಿ ಹೋಗ್ತವೆ ಅಂತ ನೋಡೋಕೆ ವಿಜ್ಞಾನಿಗಳೇ ಆ ಹೊಳಪು ಸೇರಿಸಿರ್ತಾರೆ. ನಮ್ಮ ಹಸುವಿನೊಳಗಿರೋವು ಹೊಳೆಯಲ್ಲ!"

ದೊಡ್ಡಮ್ಮ ಕಿಟಕಿಯ ಗೋಣಿಚೀಲ ಎಳೆದು ಹಾಕಿದರು. "ಹಂಗಾದ್ರೆ ಕತ್ತಲಲ್ಲೇ ಕೂತವೆ ಅನ್ನು, ಕಳ್ನನ್ಮಕ್ಳು. ಏನ್ಲಾ ನಿಂತಿದ್ದೀಯ, ಡಾಕ್ಟ್ರಿಗೆ ಫೋನ್ ಮಾಡು."

ಸಂಜೆ ಇಂಜೆಕ್ಷನ್ ಆಯಿತು. ಅದೇ ಹುಮ್ಮಸ್ಸಿನಲ್ಲಿ ಬಾಗಿಲ ನಿಂಬೆಹಣ್ಣನ್ನೂ ಬಿಚ್ಚಲು ಹೋದೆ, ಕೈಗೆ ಏಟು ಬಿತ್ತು. ಕೆಚ್ಚಲು ವಿಜ್ಞಾನಕ್ಕೆ, ಬಾಗಿಲು ನಿಂಬೆಹಣ್ಣಿಗೆ. ಇವತ್ತಿಗೆ ಇಷ್ಟು ಕ್ರಾಂತಿ ಸಾಕು.